ಗೋವೆಯ ಸಂತೆಗೆ ಹೆಣೆದ ಚೀಲ

ಕೈಯಲ್ಲಿ ಹೆಣೆಯುವ ಸಂತೆ ಚೀಲಕ್ಕೆ ಬೇಕಾಗುವುದು ನೂರರಿಂದ ನೂರೈವತ್ತು ಗ್ರಾಂ ಹತ್ತಿ ದಾರ, ಒಂದು ಕ್ರೋಶಾ ಕಡ್ಡಿ, ಕತ್ತರಿ, ದೊಡ್ಡ ಕಣ್ಣಿನ ಸೂಜಿ. ಕೈ ಪಳಗಿದವರಿಗೆ ಎರಡು ಮೂರು ಸಂಜೆಯ ಕೆಲಸ, ಹೊಸಬರಿಗೆ ಒಂದು ವಾರದ್ದು. ಸುತ್ತಿಟ್ಟರೆ ಮುಷ್ಟಿಯಲ್ಲಿ ಅಡಗುವ ಈ ಬಲೆಚೀಲ, ತುಂಬುತ್ತ ಹೋದಂತೆ ಹಿಗ್ಗಿ ನಾಲ್ಕೈದು ಕಿಲೋ ತರಕಾರಿಯನ್ನು ಸಲೀಸಾಗಿ ಹೊರುತ್ತದೆ. ತೂತೇ ಹೆಚ್ಚು, ದಾರವೇ ಕಡಿಮೆ ಇರುವ ವಸ್ತುವೊಂದು ಇಷ್ಟು ಭಾರ ತಾಳುವುದು ಅದರ ಹೆಣಿಗೆಯ ಗುಣದಿಂದ.

ಗೋವೆಯಲ್ಲಿ ಈ ಚೀಲಕ್ಕೆ ಮೂರು ಕಡೆಯಿಂದ ಬೇರುಗಳಿವೆ. ಒಂದು, ಪೋರ್ಚುಗೀಸರ ಕಾಲದಿಂದ ಮನೆಮನೆಯ ಹೆಂಗಸರ ಕೈಯಲ್ಲಿ ಉಳಿದುಬಂದ ಕ್ರೋಶಾ. ಇನ್ನೊಂದು, ಕಡಲತೀರದ ಮೀನುಗಾರರ ಬಲೆ ಹೆಣೆಯುವ ವಿದ್ಯೆ. ಮೂರನೆಯದು ಕಲೆಯಲ್ಲ, ರೂಢಿ: ಬೆಳಗಾಗುವ ಮೊದಲೇ ಮನೆಯ ಗೇಟಿಗೆ ಚೀಲ ತೂಗುಹಾಕುವುದು.

ಆ ಚೀಲ ತೂಗುವುದು ಪೊದೇರನಿಗಾಗಿ. ಸೈಕಲ್ಲಿನ ಹಿಂದೆ ದೊಡ್ಡ ಬಿದಿರಿನ ಬುಟ್ಟಿ ಕಟ್ಟಿ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ರಬ್ಬರ್ ಹಾರ್ನ್ ಒತ್ತುತ್ತ ಬರುವ ಬ್ರೆಡ್ಡಿನವನಿಗೆ ಗೋವೆಯಲ್ಲಿ ಪೊದೇರ್ ಎನ್ನುತ್ತಾರೆ. ಪೋರ್ಚುಗೀಸಿನ ‘ಪಾದೇರು’ ಎಂಬ ಮಾತು ಕೊಂಕಣಿಯ ಬಾಯಲ್ಲಿ ಹೀಗಾಯಿತು. ಅವನ ಬುಟ್ಟಿಯಲ್ಲಿ ಮೆತ್ತನೆಯ ಪಾವ್, ಗಟ್ಟಿ ಹೊರಮೈಯ ಉಂಡೊ, ತವುಡು ಸವರಿದ ಪೊಯಿ, ಬಳೆಯಾಕಾರದ ಕಾಂಕಣ ಇರುತ್ತವೆ. ಮನೆಯವರು ಎದ್ದಿರದಿದ್ದರೆ ಅವನು ಗೇಟಿನ ಚೀಲದೊಳಗೆ ದಿನದ ಲೆಕ್ಕದಷ್ಟು ಹಾಕಿ ಮುಂದೆ ಹೋಗುತ್ತಾನೆ. ಮರುಬಳಕೆಯ ಚೀಲ ಎಂಬ ಮಾತು ಹುಟ್ಟುವ ಮೊದಲೇ ಅದನ್ನು ಹೀಗೆ ದಿನವೂ ಬಳಸುತ್ತಿದ್ದ ನಾಡು ಇದು. ಗಾಳಿಯಾಡುವ ಚೀಲದಲ್ಲಿ ಬಿಸಿ ಬ್ರೆಡ್ಡು ಬೆವರುವುದಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಟ್ಟರೆ ಉಂಡೊ ತನ್ನ ಗರಿಗರಿ ಹೊರಮೈಯನ್ನು ಸ್ವಲ್ಪ ಹೊತ್ತಿನಲ್ಲೇ ಕಳೆದುಕೊಳ್ಳುತ್ತದೆ.

ಬ್ರೆಡ್ಡಿನ ಚೀಲದ ಕೆಲಸ ಹಗುರ. ಸಂತೆ ಚೀಲದ್ದು ಹಾಗಲ್ಲ. ಮಾಪ್ಸಾದಲ್ಲಿ ಶುಕ್ರವಾರ ಸೇರುವ ಸಂತೆಗೆ ಬಾರ್ದೇಶ್ ತಾಲೂಕಿನ ಹಳ್ಳಿಗಳಿಂದೆಲ್ಲ ಜನ ಬರುತ್ತಾರೆ. ಒಣಮೀನು, ಮೊಯ್ರಾದ ದಪ್ಪ ಬಾಳೆಹಣ್ಣು, ಮಾಲೆ ಕಟ್ಟಿದ ಚೌರಿಸ್ (ಹಂದಿಮಾಂಸದ ಸಾಸೇಜ್), ತೆಂಗಿನ ಬೆಲ್ಲ, ಮಣ್ಣಿನ ಗಡಿಗೆ, ಗಿಡದ ಸಸಿ, ಎಲ್ಲವೂ ಅಲ್ಲಿ ಸಿಗುತ್ತವೆ. ಮಳೆಗಾಲಕ್ಕೆ ಮುಂಚೆ, ಏಪ್ರಿಲ್ ಮೇ ತಿಂಗಳಲ್ಲಿ, ಈ ಕೊಳ್ಳುವಿಕೆ ಇಮ್ಮಡಿಯಾಗುತ್ತದೆ. ನಾಲ್ಕು ತಿಂಗಳ ಮಳೆಗೆ ಮೆಣಸಿನಕಾಯಿ, ಈರುಳ್ಳಿ, ಒಣಮೀನು, ಮುರುಗಲ ಸಿಪ್ಪೆ, ಹುಣಸೆಹಣ್ಣು ಕೂಡಿಡುವ ಈ ಪದ್ಧತಿಗೆ ಪುರುಮೆಂತ್ ಎಂದು ಹೆಸರು. ಇದು ಕೂಡ ಪೋರ್ಚುಗೀಸ್ ಮೂಲದ್ದೇ. ‘ಪ್ರೊವಿಮೆಂತು’ ಎಂದರೆ ದಾಸ್ತಾನು. ಮಡಗಾಂವಿನಲ್ಲಿ ಪವಿತ್ರಾತ್ಮರ ಇಗರ್ಜಿಯ ಹಬ್ಬವನ್ನೇ ಜನ ಪುರುಮೆಂತಿನ ಫೆಸ್ತ್ ಎಂದು ಕರೆಯುತ್ತಾರೆ.

ಕನ್ನಡ ಓದುಗರಿಗೆ ಗೋವೆಯ ಸಂತೆ ಪರದೇಶವಲ್ಲ. ಅಲ್ಲಿ ಮಾರುವ ಟೊಮೆಟೊ, ಎಲೆಕೋಸು, ಹಸಿಮೆಣಸಿನಕಾಯಿಯಲ್ಲಿ ಬಹುಪಾಲು ಬೆಳಗಾವಿ ಕಡೆಯಿಂದ ಘಟ್ಟವಿಳಿದು ಬಂದದ್ದು. ವಾಸ್ಕೊ, ಮಡಗಾಂವ್, ಮಾಪ್ಸಾಗಳ ಮಾರುಕಟ್ಟೆಯಲ್ಲಿ ಬುಟ್ಟಿ ಹಿಡಿದು ಕೂತವರ ನಡುವೆ ವಿಜಯಪುರ, ಬಾಗಲಕೋಟೆ, ಗದಗ ಕಡೆಯ ಮಾತು ಕಿವಿಗೆ ಬೀಳುತ್ತದೆ. ಅಂಜುನಾದ ಬುಧವಾರದ ಸಂತೆಯಲ್ಲೂ ಕಡಲತೀರಗಳಲ್ಲೂ ಕನ್ನಡಿ, ಕವಡೆ ಹೊಲಿದ ಬಣ್ಣದ ಚೀಲಗಳನ್ನು ಮಾರುವ ಲಂಬಾಣಿ ಹೆಂಗಸರಲ್ಲಿ ಹೆಚ್ಚಿನವರು ಉತ್ತರ ಕರ್ನಾಟಕದವರು. ಅವರ ಚೀಲ ಬಟ್ಟೆಯ ಮೇಲೆ ಕಸೂತಿ ಹಾಕಿದ್ದು, ಹೆಣೆದದ್ದಲ್ಲ. ಆದರೂ ಗೋವೆಗೆ ಬಂದವರ ಹೆಗಲ ಮೇಲೆ ಕೈಕೆಲಸದ ಚೀಲ ಕಾಣುವಂತೆ ಮಾಡಿದವರಲ್ಲಿ ಅವರ ಪಾಲು ದೊಡ್ಡದು. ಅದನ್ನು ಇಲ್ಲಿ ನೆನೆಯದೆ ಮುಂದೆ ಹೋಗುವುದು ಸರಿಯಲ್ಲ.

ಈ ಸಂತೆಗಳಿಗೆಲ್ಲ ತೆಳು ಪ್ಲಾಸ್ಟಿಕ್ ಚೀಲ ನುಗ್ಗಿದ್ದು ತೀರ ಇತ್ತೀಚೆಗೆ. ಎರಡು ಕಿವಿಯ, ಬನಿಯನ್ ಆಕಾರದ ಆ ಚೀಲವನ್ನು ರೂಪಿಸಿದವರು ಸ್ವೀಡನ್ನಿನ ಸ್ಟೆನ್ ಗುಸ್ತಾಫ್ ತುಲಿನ್. ಸೆಲ್ಲೋಪ್ಲಾಸ್ಟ್ ಎಂಬ ಕಂಪನಿ 1965ರಲ್ಲಿ ಅದಕ್ಕೆ ಪೇಟೆಂಟ್ ಪಡೆಯಿತು. ಮೂವತ್ತೊಂದೇ ವರ್ಷ ಕಳೆಯುವಷ್ಟರಲ್ಲಿ ಗೋವೆ 1996ರಲ್ಲಿ ಕೊಳೆಯದ ಕಸದ ನಿಯಂತ್ರಣಕ್ಕೆಂದೇ ಕಾಯ್ದೆ ಮಾಡಬೇಕಾಯಿತು. ಒಟ್ಟು 3,702 ಚದರ ಕಿಲೋಮೀಟರಿನ ಪುಟ್ಟ ರಾಜ್ಯ, ಒಂದು ಕಡೆ ಕಡಲು, ಇನ್ನೊಂದು ಕಡೆ ಘಟ್ಟ, ನಡುವೆ ಮಳೆಗಾಲದಲ್ಲಿ ಉಕ್ಕುವ ತೊರೆಗಳು. ಇಲ್ಲಿ ಎಸೆದ ಚೀಲ ಒಂದೇ ಮಳೆಗೆ ಗಟಾರ ಸೇರುತ್ತದೆ, ಗಟಾರದಿಂದ ಗದ್ದೆಗೋ ಸಮುದ್ರಕ್ಕೋ ಹೋಗುತ್ತದೆ. ಬೀಡಾಡಿ ದನಗಳ ಹೊಟ್ಟೆಗೂ ಸೇರುತ್ತದೆ. 2016ರಲ್ಲಿ ಸಾಳಿಗಾಂವಿನಲ್ಲಿ ಕಸ ಸಂಸ್ಕರಣಾ ಘಟಕ ಶುರುವಾಯಿತು. ಮತ್ತೆ ಬಳಸಲಾಗದ ಪ್ಲಾಸ್ಟಿಕ್ಕನ್ನು ಗೋವೆ ಲಾರಿಗಳಲ್ಲಿ ತುಂಬಿ ಕರ್ನಾಟಕದ ಸಿಮೆಂಟ್ ಕಾರ್ಖಾನೆಗಳಿಗೆ ಉರುವಲಾಗಿ ಕಳಿಸುತ್ತಾ ಬಂದಿದೆ. ಘಟ್ಟವಿಳಿದ ತರಕಾರಿಯನ್ನು ಕಟ್ಟಿಕೊಟ್ಟ ಚೀಲ ಕಸವಾಗಿ ಮತ್ತೆ ಘಟ್ಟ ಹತ್ತುತ್ತದೆ.

ದೇಶಕ್ಕೆಲ್ಲ ಅನ್ವಯಿಸುವ ನಿಯಮವೂ ಬಿಗಿಯಾಗುತ್ತಾ ಬಂತು. ಪ್ಲಾಸ್ಟಿಕ್ ಚೀಲದ ದಪ್ಪ ಕನಿಷ್ಠ 50 ಮೈಕ್ರಾನ್ ಇರಬೇಕೆಂದು 2016ರ ನಿಯಮ ಹೇಳಿತು. ಅದು 2021ರ ಸೆಪ್ಟೆಂಬರ್ 30ರಿಂದ 75ಕ್ಕೆ, 2022ರ ಡಿಸೆಂಬರ್ 31ರಿಂದ 120ಕ್ಕೆ ಏರಿತು. ಇದಾದ ಮೇಲೆ ಅಂಗಡಿಗಳಲ್ಲಿ ಬಟ್ಟೆಯಂತೆ ಕಾಣುವ, ಬಣ್ಣಬಣ್ಣದ ಹಗುರ ಚೀಲಗಳು ಹೆಚ್ಚಾದವು. ಹಲವರು ಅದನ್ನು ಬಟ್ಟೆ ಚೀಲವೆಂದೇ ತಿಳಿದಿದ್ದಾರೆ. ಅದು ನೇಯದ ಚೀಲ. ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಎಳೆಗಳನ್ನು ಬಿಸಿಯಲ್ಲಿ ಒತ್ತಿ ಮಾಡಿದ್ದು. ಬೆಂಕಿ ತಾಗಿಸಿದರೆ ಹತ್ತಿಯಂತೆ ಬೂದಿಯಾಗದೆ ಕರಗಿ ಮುದ್ದೆಯಾಗುತ್ತದೆ. ಬಿಸಿಲಿಗೆ ಬೀಳುತ್ತಾ ಹೋದರೆ ಎಳೆ ಎಳೆಯಾಗಿ ಉದುರುತ್ತದೆ.

ಇನ್ನು ಕ್ರೋಶಾದ ಮಾತು. ಫ್ರೆಂಚ್ ಭಾಷೆಯಲ್ಲಿ ‘ಕ್ರೋಶೆ’ ಎಂದರೆ ಪುಟ್ಟ ಕೊಕ್ಕೆ. ಈಗ ಕಾಣುವ ರೂಪದಲ್ಲಿ ಈ ಕೆಲಸ ಯುರೋಪಿನಲ್ಲಿ ಹರಡಿದ್ದು 19ನೆಯ ಶತಮಾನದಲ್ಲಿ. 1840ರ ದಶಕದ ಬರಗಾಲದಲ್ಲಿ ಐರ್ಲೆಂಡಿನ ಬಡ ಕುಟುಂಬಗಳಿಗೆ ಕ್ರೋಶಾ ಲೇಸು ಅನ್ನದ ದಾರಿಯಾಯಿತು. ಭಾರತದಲ್ಲಿ ಇದನ್ನು ಕಲಿಸಿದವರು ಬಹುಮಟ್ಟಿಗೆ ಮಿಷನರಿಗಳು ಮತ್ತು ಕ್ರೈಸ್ತ ಸನ್ಯಾಸಿನಿಯರು. ಆಂಧ್ರದ ನರಸಾಪುರ ಇದರ ದೊಡ್ಡ ಕೇಂದ್ರವಾಯಿತು. ಅಲ್ಲಿನ ಹೆಂಗಸರು ಮನೆಯಲ್ಲಿ ಕೂತು ಹೆಣೆದದ್ದು ಲೋಕದ ಮಾರುಕಟ್ಟೆಗೆ ಹೋದರೂ ಅವರ ದುಡಿಮೆಯನ್ನು ದುಡಿಮೆಯೆಂದೇ ಲೆಕ್ಕಕ್ಕೆ ಹಿಡಿಯಲಿಲ್ಲ ಎಂಬುದನ್ನು ಸಮಾಜವಿಜ್ಞಾನಿ ಮರಿಯಾ ಮೀಸ್ 1982ರ ತಮ್ಮ ಅಧ್ಯಯನದಲ್ಲಿ ತೋರಿಸಿದರು. ಕೈಯಲ್ಲಿ ಹೆಣೆದ ಚೀಲಕ್ಕೆ ಚೌಕಾಸಿ ಮಾಡುವ ಮೊದಲು ಈ ಮಾತು ನೆನಪಿಗೆ ಬರಬೇಕು. ಒಂದು ಚೀಲದಲ್ಲಿ ಏಳೆಂಟು ಗಂಟೆಯ ಕೆಲಸವಿರುತ್ತದೆ. ದಾರದ ಬೆಲೆ ಅದರಲ್ಲಿ ಸಣ್ಣ ಪಾಲು.

ಗೋವೆಯಲ್ಲಿ ಕ್ರೋಶಾ ಮೊದಲು ನೆಲೆಯಾದದ್ದು ಇಗರ್ಜಿಯ ಪೀಠದ ವಸ್ತ್ರದ ಅಂಚಿನಲ್ಲಿ, ಮೇಜಿನ ಹಾಸಿನಲ್ಲಿ, ಮಗುವಿನ ಜ್ಞಾನಸ್ನಾನದ ಟೊಪ್ಪಿಗೆಯಲ್ಲಿ. ಬಿಳಿ ದಾರ, ಸಣ್ಣ ಕಡ್ಡಿ, ಕಣ್ಣಿಗೆ ಕಷ್ಟ ಕೊಡುವಷ್ಟು ನಯವಾದ ಕೆಲಸ. ರಾಜ್ಯದ ಕರಕುಶಲ ವಸ್ತುಗಳ ಸಾಲಿನಲ್ಲಿ ಇಂದಿಗೂ ಕ್ರೋಶಾಕ್ಕೆ ಜಾಗವಿದೆ. ಅದೇ ಕೈಗಳು ದಪ್ಪ ದಾರ, ದಪ್ಪ ಕಡ್ಡಿ ಹಿಡಿದರೆ ಸಂತೆ ಚೀಲವಾಗುತ್ತದೆ. ಲೇಸು ಹೆಣೆದವರಿಗೆ ಇದು ಒರಟು ಕೆಲಸವೆನಿಸಬಹುದು. ಆದರೆ ತೂತನ್ನೇ ವಿನ್ಯಾಸವಾಗಿಸುವ ಲೇಸಿನ ಗುಟ್ಟೇ ಬಲೆಚೀಲದ ಗುಟ್ಟೂ ಆಗಿದೆ. ಕರ್ನಾಟಕದಲ್ಲಿ ಕ್ರೋಶಾ ಬಲ್ಲವರು ಹೆಚ್ಚಾಗಿ ಕಲಿತಿರುವುದು ಸೀರೆಯ ಸೆರಗಿಗೆ ಕುಚ್ಚು ಹಾಕುವುದರಿಂದ. ಮಣಿ ಪೋಣಿಸಿ ಕ್ರೋಶಾ ಕುಚ್ಚು ಹಾಕಬಲ್ಲ ಯಾರಿಗೇ ಆಗಲಿ ಚೈನು, ಸಿಂಗಲ್, ಡಬಲ್ ಎಂಬ ಹೊಲಿಗೆಗಳು ಗೊತ್ತಿರುತ್ತವೆ. ಚೀಲಕ್ಕೆ ಬೇಕಾದದ್ದೂ ಅಷ್ಟೇ.

ದಾರದಿಂದ ಚೀಲ ಮಾಡಿದ ಜನ ಲೋಕದಲ್ಲೆಲ್ಲ ಇದ್ದಾರೆ. ಪಪುವಾ ನ್ಯೂಗಿನಿಯ ಹೆಂಗಸರು ಗಿಡದ ನಾರನ್ನು ಹೊಸೆದು ಬಿಲುಮ್ ಎಂಬ ಚೀಲ ಹೆಣೆಯುತ್ತಾರೆ. ಅದರ ಹಿಡಿಯನ್ನು ಹಣೆಗೆ ಕೊಟ್ಟು ಬೆನ್ನಿನ ಮೇಲೆ ಗೆಣಸು, ಸೌದೆ, ಮಲಗಿದ ಕೂಸನ್ನೂ ಹೊರುತ್ತಾರೆ. ಚೆಕ್ ದೇಶದ ವಾವ್ರ್‌ಝಿನ್ ಕ್ರ್ಚಿಲ್ 1920ರ ದಶಕದಲ್ಲಿ ಹೆಣೆದ ಚೀಲದ ವ್ಯಾಪಾರ ಬೆಳೆಸಿದರು. ಸೋವಿಯತ್ ರಷ್ಯಾದಲ್ಲಿ ಇಂಥ ಚೀಲಕ್ಕೆ ಅವೋಸ್ಕಾ ಎಂಬ ಹೆಸರು ಬಿತ್ತು. ‘ಅವೋಸ್’ ಎಂದರೆ ‘ಸಿಕ್ಕರೂ ಸಿಗಬಹುದು’. ಸಾಮಾನಿನ ಕೊರತೆಯ ಕಾಲದಲ್ಲಿ, ದಾರಿಯಲ್ಲಿ ಏನಾದರೂ ಸಿಕ್ಕರೆ ಇರಲಿ ಎಂದು ಜನ ಅದನ್ನು ಸದಾ ಜೇಬಿನಲ್ಲಿಟ್ಟುಕೊಂಡೇ ಹೊರಡುತ್ತಿದ್ದರು. ಜೇಬಿನಲ್ಲಿ ಹಿಡಿಸುವ ಗುಣ ಇಂದಿಗೂ ಈ ಚೀಲದ ದೊಡ್ಡ ಅನುಕೂಲ. ಮನೆಯಲ್ಲಿ ಮರೆತುಬಂದ ಚೀಲ ಎಷ್ಟೇ ಗಟ್ಟಿಯಾಗಿದ್ದರೂ ಪ್ರಯೋಜನವಿಲ್ಲ.

ದಾರ ಮತ್ತು ಕಡ್ಡಿ

ಚೀಲಕ್ಕೆ ಹತ್ತಿ ದಾರವೇ ಸರಿ. ಉಲ್ಲನ್ ಹಿಗ್ಗುತ್ತದೆ, ಅಕ್ರಿಲಿಕ್ ಉಲ್ಲನ್ನಂತೂ ಇನ್ನೂ ಹೆಚ್ಚು ಜೋತುಬೀಳುತ್ತದೆ, ಅದೂ ಅಲ್ಲದೆ ಅದು ಪ್ಲಾಸ್ಟಿಕ್ಕೇ. ಕುಚ್ಚಿಗೆ ಬಳಸುವ ರೇಷ್ಮೆ ದಾರ ಜಾರುತ್ತದೆ, ಕೈಯನ್ನೂ ಕೊಯ್ಯುತ್ತದೆ. ಹತ್ತಿಗೆ ಒಂದು ವಿಶೇಷ ಗುಣವಿದೆ: ಒದ್ದೆಯಾದಾಗ ಅದರ ಎಳೆ ಇನ್ನಷ್ಟು ಬಲವಾಗುತ್ತದೆ. ರೇಯಾನ್ ಇದಕ್ಕೆ ತದ್ವಿರುದ್ಧ, ನೆನೆದರೆ ಅದು ಸೊರಗುತ್ತದೆ. ವರ್ಷಕ್ಕೆ ಸುಮಾರು ಮೂರು ಸಾವಿರ ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ, ಸೊಪ್ಪಿನ ನೀರು ಮೀನಿನ ನೀರು ಎರಡೂ ತಾಗುವ ಚೀಲಕ್ಕೆ ಇದು ಸಣ್ಣ ಸಂಗತಿಯಲ್ಲ.

ಅಂಗಡಿಯಲ್ಲಿ ಸಿಗುವ ಹೊಳಪಿನ ಹತ್ತಿ ದಾರ ಮರ್ಸರೈಜ್ ಮಾಡಿದ್ದು, ಅಂದರೆ ಕಾಸ್ಟಿಕ್ ಸೋಡಾದ ದ್ರಾವಣದಲ್ಲಿ ಅದ್ದಿ ಹದಮಾಡಿದ್ದು. ಇಂಗ್ಲೆಂಡಿನ ಜಾನ್ ಮರ್ಸರ್ 1844ರಲ್ಲಿ ಕಂಡುಕೊಂಡ ವಿಧಾನವಿದು. ಇಂಥ ದಾರ ಬಣ್ಣವನ್ನು ಚೆನ್ನಾಗಿ ಹಿಡಿಯುತ್ತದೆ, ಗಟ್ಟಿಯೂ ಇರುತ್ತದೆ. ಹೊಳಪಿಲ್ಲದ ಸಾದಾ ಹತ್ತಿಯೂ ನಡೆಯುತ್ತದೆ, ಕೈಗೆ ಮೆತ್ತಗಿರುತ್ತದೆ. ದಪ್ಪದಲ್ಲಿ 8 ಪ್ಲೈ ಒಳ್ಳೆಯದು. ತೆಳು ದಾರವೇ ಮನೆಯಲ್ಲಿದ್ದರೆ ಎರಡೆಳೆ ಕೂಡಿಸಿ ಹೆಣೆಯಬಹುದು. ಹೊಸ ದಾರ ಕೊಳ್ಳಬೇಕೆಂದೇ ಇಲ್ಲ. ಹಳೆಯ ಟೀ ಶರ್ಟನ್ನು ಕಂಕುಳ ಕೆಳಗಿನಿಂದ ಬುಡದವರೆಗೆ, ಸುರುಳಿಯಾಗಿ, ಎರಡು ಬೆರಳಗಲ ಕತ್ತರಿಸುತ್ತ ಹೋದರೆ ಒಂದೇ ಉದ್ದ ಪಟ್ಟಿ ಸಿಗುತ್ತದೆ. ಅದನ್ನು ಜಗ್ಗಿದರೆ ಅಂಚು ತಾನೇ ಮುದುಡಿ ದುಂಡನೆಯ ದಾರವಾಗುತ್ತದೆ. ಇದರಿಂದ ಮಾಡಿದ ಚೀಲ ಭಾರ, ಆದರೆ ಬಹಳ ಗಟ್ಟಿ. ಇದಕ್ಕೆ 8 ಅಥವಾ 10 ಮಿಲಿಮೀಟರಿನ ಕಡ್ಡಿ ಬೇಕು. 8 ಪ್ಲೈ ದಾರಕ್ಕೆ 4 ಮಿಲಿಮೀಟರಿನದು ಸಾಕು.

ಚೀಲ ಬೆಳೆಯುವ ಬಗೆ

ಕ್ರೋಶಾ ಚೀಲ ಬುಡದಿಂದ ಮೇಲಕ್ಕೆ ಬೆಳೆಯುತ್ತದೆ. ಬೆರಳಿಗೆ ದಾರವನ್ನು ಉಂಗುರದಂತೆ ಸುತ್ತಿ, ಅದರೊಳಗೆ 12 ಡಬಲ್ ಹಾಕಿ ಉಂಗುರವನ್ನು ಬಿಗಿದರೆ ಬುಡದ ನಡುವು ಸಿದ್ಧ. ಎರಡನೆಯ ಸುತ್ತಿನಲ್ಲಿ ಪ್ರತಿ ಡಬಲ್ಲಿನ ತಲೆಯ ಮೇಲೂ ಎರಡೆರಡು ಹಾಕಿದರೆ 24. ಮೂರನೆಯ ಸುತ್ತಿನಲ್ಲಿ ಒಂದು ಬಿಟ್ಟು ಒಂದಕ್ಕೆ ಎರಡು, ಒಟ್ಟು 36. ಹೀಗೆ ಸುತ್ತಿಗೆ ಹನ್ನೆರಡರಂತೆ ಏರಿಸುತ್ತ ಆರನೆಯ ಸುತ್ತಿಗೆ 72 ಆದಾಗ ಬುಡ ಹದಿಮೂರು ಸೆಂಟಿಮೀಟರ್ ಆಸುಪಾಸಿನ ಚಪ್ಪಟೆ ಬಿಲ್ಲೆಯಾಗಿರುತ್ತದೆ. ಹನ್ನೆರಡೇ ಏಕೆ ಎಂಬುದಕ್ಕೆ ಕಾರಣವಿದೆ. ಡಬಲ್ಲಿನ ಎತ್ತರ ಅದರ ಅಗಲದ ಸುಮಾರು ಎರಡು ಪಟ್ಟು. ಅಷ್ಟು ಎತ್ತರದ ಒಂದು ಸುತ್ತು ಸೇರಿದಾಗ ವೃತ್ತದ ಅಂಚು ಹಿಗ್ಗುವ ಉದ್ದಕ್ಕೆ ಹನ್ನೆರಡರಷ್ಟು ಹೊಸ ಹೊಲಿಗೆ ಸರಿಹೋಗುತ್ತದೆ. ಕಡಿಮೆ ಏರಿಸಿದರೆ ಬುಡ ಬಟ್ಟಲಿನಂತೆ ಮಡಚಿಕೊಳ್ಳುತ್ತದೆ, ಹೆಚ್ಚು ಏರಿಸಿದರೆ ಅಂಚು ಅಲೆಯಲೆಯಾಗಿ ನಿಲ್ಲುತ್ತದೆ. ಕೈಯ ಬಿಗಿ ಒಬ್ಬೊಬ್ಬರದು ಒಂದೊಂದು ಥರ. ಎರಡು ಮೂರು ಸುತ್ತಾದ ಮೇಲೆ ಮೇಜಿನ ಮೇಲಿಟ್ಟು ಚಪ್ಪಟೆ ಕೂರುತ್ತದೆಯೇ ಎಂದು ನೋಡಿ ಮುಂದುವರಿಯುವುದು ಒಳ್ಳೆಯದು.

ಬುಡವನ್ನು ಇಷ್ಟು ಒತ್ತಾಗಿ ಹೆಣೆಯಲು ಕಾರಣ ಸರಳ. ಭಾರವೆಲ್ಲ ಮೊದಲು ಬೀಳುವುದು ಅಲ್ಲಿ. ತೆಂಗಿನಕಾಯಿಯ ಜುಟ್ಟು, ಆಲೂಗಡ್ಡೆ, ಸೀಸೆಯ ತಳ, ಎಲ್ಲ ಕೂರುವುದೂ ಅಲ್ಲೇ. ಕೆಲವರು ಬುಡವನ್ನೂ ಬಲೆಯಾಗಿಯೇ ಮಾಡುತ್ತಾರೆ. ನೋಡಲು ಚೆಂದ, ಆದರೆ ಸಣ್ಣ ಸಾಮಾನು ತೂರಿಬಿದ್ದೀತು, ಬುಡವೂ ಬೇಗ ಸವೆದೀತು.

ಬುಡವಾದ ಮೇಲೆ ಮೈ. ಐದು ಚೈನು ಹಾಕಿ, ಎರಡು ಡಬಲ್ ಬಿಟ್ಟು ಮೂರನೆಯದಕ್ಕೆ ಒಂದು ಸಿಂಗಲ್‌ನಿಂದ ಕೂಡಿಸುವುದು. ಮತ್ತೆ ಐದು ಚೈನು, ಮತ್ತೆ ಮೂರನೆಯದಕ್ಕೆ ಸಿಂಗಲ್. ಸುತ್ತು ಮುಗಿದಾಗ 72ರ ಅಂಚಿನಲ್ಲಿ 24 ಕಮಾನುಗಳು ನಿಂತಿರುತ್ತವೆ. ಮುಂದಿನ ಸುತ್ತಿನಿಂದ ಐದು ಚೈನು ಹಾಕಿ ಕೆಳಗಿನ ಕಮಾನಿನ ನಡುವಿಗೆ ಸಿಂಗಲ್ ಕೂಡಿಸುತ್ತ ಹೋಗಬೇಕು. ಸುತ್ತನ್ನು ಮುಚ್ಚುವ ಗೊಡವೆಯಿಲ್ಲ, ಬಸವನಹುಳುವಿನ ಚಿಪ್ಪಿನಂತೆ ಸುತ್ತುತ್ತಲೇ ಏರಿದರಾಯಿತು. ಸುತ್ತು ಎಲ್ಲಿ ಶುರುವಾಯಿತೆಂದು ತಿಳಿಯಲು ಬೇರೆ ಬಣ್ಣದ ಒಂದು ತುಂಡು ದಾರ ಸಿಕ್ಕಿಸಿಟ್ಟರೆ ಸಾಕು. ಸುಮಾರು ಇಪ್ಪತ್ತು ಸುತ್ತಿಗೆ ಚೀಲದ ಮೈ ಒಂದು ಅಡಿ ಎತ್ತರಕ್ಕೆ ಬರುತ್ತದೆ. ಖಾಲಿ ಚೀಲಕ್ಕೆ ಇಷ್ಟು ಸಾಕೇ ಎನಿಸಬಹುದು. ಸಾಮಾನು ತುಂಬಿದಾಗ ಪ್ರತಿ ಕಣ್ಣೂ ಓರೆಯಾಗಿ ಜಗ್ಗಿ, ಚೀಲ ಇನ್ನಷ್ಟು ಕೆಳಕ್ಕೆ ಇಳಿಯುತ್ತದೆ. ಮೈಯನ್ನು ಒಂದೂವರೆ ಅಡಿಗೆ ಹೆಣೆದು, ತುಂಬಿದ ಮೇಲೆ ಅದು ಮೊಣಕಾಲಿಗೆ ಬಡಿಯತೊಡಗಿದಾಗ ಬಿಚ್ಚಬೇಕಾಗಿ ಬರುವುದು ಹೊಸಬರಿಗೆ ಆಗಾಗ ಆಗುವ ಅನುಭವ.

ಭಾರ ಹಂಚಿಹೋಗುವುದು ಈ ಓರೆಯಿಂದಲೇ. ಒಂದು ಕಮಾನಿನ ನಡುವನ್ನು ಇನ್ನೊಂದು ಕಮಾನು ಹಿಡಿದಿರುವುದರಿಂದ ಪ್ರತಿ ಕಣ್ಣೂ ತನ್ನ ಮೇಲೆ ಬಿದ್ದದ್ದನ್ನು ಅಕ್ಕಪಕ್ಕದ ಎರಡಕ್ಕೆ ದಾಟಿಸುತ್ತದೆ, ಅವು ಮೇಲಿನ ಮೂರಕ್ಕೆ, ಹೀಗೆ ಹಿಡಿಯವರೆಗೆ. ಚೌಕನೆಯ ಬಲೆಯಾಗಿದ್ದರೆ ಎರಡು ಮೂರು ಎಳೆಗಳೇ ಎಲ್ಲವನ್ನೂ ಹೊರಬೇಕಾಗುತ್ತಿತ್ತು.

ಬಾಯಿಯ ಅಂಚಿನಲ್ಲಿ ಪ್ರತಿ ಕಮಾನಿಗೂ ಮೂರು ಸಿಂಗಲ್ ಹಾಕಿ ಮತ್ತೆ 72ಕ್ಕೆ ತಂದು, ಅದರ ಮೇಲೆ ಮೂರು ನಾಲ್ಕು ಸುತ್ತು ಬಿಗಿಯಾಗಿ ಸಿಂಗಲ್ ಹೆಣೆಯಬೇಕು. ಮೈ ಎಷ್ಟು ಬೇಕಾದರೂ ಹಿಗ್ಗಲಿ, ಬಾಯಿ ಹಿಗ್ಗಬಾರದು. ಹಿಡಿ ಅಲ್ಲಿಂದಲೇ ಏಳುತ್ತದೆ. ಎಂಟು ಸಿಂಗಲ್ ಅಗಲದ ಪಟ್ಟಿಯನ್ನು ಹಿಂದೆ ಮುಂದೆ ಹೆಣೆಯುತ್ತ ನಲವತ್ತೈದು ಸೆಂಟಿಮೀಟರ್ ಬೆಳೆಸಿ, ಎದುರಿನ ಅಂಚಿಗೆ ಎರಡು ಸಾಲು ಹೊಲಿಗೆ ಹಾಕಿದರೆ ಹೆಗಲಿಗೆ ಹಾಕಿಕೊಳ್ಳುವ ಚೀಲವಾಗುತ್ತದೆ. ಅಗಲ ಕಡಿಮೆ ಮಾಡಿದರೆ ಹೆಗಲು ಕೊಯ್ಯುತ್ತದೆ. ಕೈಯಲ್ಲಿ ಹಿಡಿಯುವುದೇ ರೂಢಿಯಾದವರಿಗೆ ಎರಡು ಗಿಡ್ಡ ಹಿಡಿಗಳು ಅನುಕೂಲ. ಕೊನೆಯಲ್ಲಿ ದಾರದ ತುದಿಗಳನ್ನು ಸೂಜಿಯಿಂದ ಒಮ್ಮೆ ಅತ್ತ, ಒಮ್ಮೆ ಇತ್ತ ತೂರಿಸಿ ಮರೆಮಾಡಬೇಕು. ಒಂದೇ ದಿಕ್ಕಿಗೆ ತೂರಿಸಿದ ತುದಿ ನಾಲ್ಕು ಸಂತೆಯಾಗುವಷ್ಟರಲ್ಲಿ ಹೊರಬರುತ್ತದೆ.

ಎರಡು ಕಡ್ಡಿಯ ಹೆಣಿಗೆಯಲ್ಲೂ, ಅಂದರೆ ಸ್ವೆಟರ್ ಹೆಣೆಯುವ ರೀತಿಯಲ್ಲೂ, ಈ ಚೀಲ ಮಾಡಬಹುದು. ದಾರವನ್ನು ಕಡ್ಡಿಗೆ ಒಮ್ಮೆ ಸುಮ್ಮನೆ ಸುತ್ತಿ, ಮುಂದಿನ ಎರಡು ಕುಣಿಕೆಗಳನ್ನು ಒಂದಾಗಿ ಹೆಣೆಯುವುದು, ಸಾಲಿನುದ್ದಕ್ಕೂ ಇದೇ. ಸುತ್ತಿದ ಕಡೆ ತೂತು ಬೀಳುತ್ತದೆ, ಎರಡನ್ನು ಒಂದು ಮಾಡಿದ್ದರಿಂದ ಲೆಕ್ಕ ಹೆಚ್ಚುವುದಿಲ್ಲ. ನಡುನಡುವೆ ಒಂದೊಂದು ಸಾದಾ ಸಾಲು. ಎರಡು ತುದಿಯನ್ನು ಕೇಬಲ್ಲಿನಿಂದ ಕೂಡಿಸಿದ ಕಡ್ಡಿ ಇದ್ದರೆ ಹೊಲಿಗೆಯಿಲ್ಲದೆ ಸುತ್ತಾಗಿಯೇ ಹೆಣೆಯಬಹುದು. ಇಂಥ ಚೀಲ ಕ್ರೋಶಾ ಚೀಲಕ್ಕಿಂತ ಮೃದು, ಹಿಗ್ಗುವುದೂ ಹೆಚ್ಚು. ಆದರೆ ಒಂದು ತೊಂದರೆಯಿದೆ. ಈ ಹೆಣಿಗೆಯಲ್ಲಿ ಸಾಲಿನ ಕುಣಿಕೆಗಳೆಲ್ಲ ಒಂದನ್ನೊಂದು ನೆಚ್ಚಿ ನಿಂತಿರುತ್ತವೆ. ಒಂದು ಎಳೆ ತುಂಡಾದರೆ ಏಣಿಯ ಮೆಟ್ಟಿಲಿನಂತೆ ಕೆಳಗಿನವರೆಗೂ ಬಿಚ್ಚಿಕೊಳ್ಳುತ್ತದೆ. ಕ್ರೋಶಾದಲ್ಲಿ ಪ್ರತಿ ಹೊಲಿಗೆಯೂ ಅಲ್ಲಲ್ಲೇ ಮುಗಿಯುವುದರಿಂದ ಹರುಕು ಅಷ್ಟು ಬೇಗ ಹಬ್ಬದು. ಸಂತೆಯ ಒರಟು ಕೆಲಸಕ್ಕೆ ಕ್ರೋಶಾವನ್ನೇ ಆರಿಸಬೇಕೆಂದು ಹೇಳಲು ಈ ಒಂದು ಕಾರಣ ಸಾಕು.

ಹರುಕು ಹಬ್ಬದಂತೆ ತಡೆಯುವುದರಲ್ಲಿ ಇವೆರಡನ್ನೂ ಮೀರಿಸಿದ್ದು ಮೀನುಗಾರರ ಬಲೆ. ಗೋವೆಯಲ್ಲಿ ರಾಂಪಣ್, ಕಾರವಾರದಿಂದ ಉಡುಪಿಯವರೆಗೆ ರಂಪಣಿ ಎಂದು ಹೆಸರಾದ ದೊಡ್ಡ ಬಲೆಯನ್ನು ಹತ್ತಾರು ಜನ ಸೇರಿ ದಡಕ್ಕೆ ಎಳೆಯುತ್ತಿದ್ದರು. 1970ರ ದಶಕದಲ್ಲಿ ಯಾಂತ್ರಿಕ ದೋಣಿಗಳು ಬಂದ ಮೇಲೆ ಆ ಬಲೆಗಳು ಕಡಿಮೆಯಾದವು. ಬಲೆ ಹೆಣೆಯಲು ಲಾಳಿಯಂಥ ಚಪ್ಪಟೆ ಸೂಜಿಗೆ ದಾರ ಸುತ್ತಿಕೊಂಡು, ಒಂದು ಪಟ್ಟಿಯ ಅಳತೆಗೆ ಕಣ್ಣು ಬಿಟ್ಟು, ಪ್ರತಿ ಕೂಡಿಕೆಯಲ್ಲೂ ಗಂಟು ಬಿಗಿಯುತ್ತಾರೆ. ಹರಿದ ನೂಲನ್ನು ಕೂಡಿಸಲು ಮಗ್ಗದ ಮುಂದೆ ಕೂತ ನೇಕಾರ ಹಾಕುವುದೂ ಇದೇ ಗಂಟನ್ನು. ಒಂದು ಕಣ್ಣು ಹರಿದರೆ ಹರಿದದ್ದು ಆ ಒಂದೇ ಕಣ್ಣು. ಗಂಟು ಕೈಗೆ ಒರಟಾಗಿ ಹತ್ತುತ್ತದೆ, ಮೆತ್ತನೆಯ ಹಣ್ಣಿಗೆ ಗುರುತು ಬೀಳಿಸುತ್ತದೆ ಎಂಬುದೊಂದೇ ಕೊರತೆ. ನೈಲಾನ್ ಬರುವ ಮುಂಚೆ ಬಲೆಗಳು ಹತ್ತಿಯವು, ಸೆಣಬಿನವು. ಅವು ಕೊಳೆಯದಿರಲೆಂದು ಮರದ ತೊಗಟೆಯ ಕಷಾಯದಲ್ಲಿ ಅದ್ದಿ ಒಣಗಿಸುತ್ತಿದ್ದರು. ತೊಗಟೆಯ ಒಗರು ಎಳೆಗೆ ಹಿಡಿದರೆ ಬೂಷ್ಟು ಸುಲಭವಾಗಿ ಹತ್ತುವುದಿಲ್ಲ.

ಮೀನು, ಮಳೆ, ಕಲೆ

ಗೋವೆಯ ಅಡುಗೆಮನೆಗೆ ಹೋಗುವ ಚೀಲ ಮೀನನ್ನು ತಪ್ಪಿಸಿಕೊಳ್ಳಲಾರದು. ಬಂಗುಡೆಯನ್ನು ಬಲೆಚೀಲದಲ್ಲಿ ನೇರವಾಗಿ ತಂದರೆ ದಾರಿಯುದ್ದಕ್ಕೂ ನೀರು ಸೋರುತ್ತದೆ, ಸೀಗಡಿಯಂತೂ ತೂರಿಯೇ ಹೋಗುತ್ತದೆ. ಮುಚ್ಚಳದ ಸ್ಟೀಲ್ ಡಬ್ಬಿಯೊಂದನ್ನು ಚೀಲದ ಬುಡದಲ್ಲಿಟ್ಟುಕೊಂಡು ಹೋಗುವುದೇ ಇದಕ್ಕೆ ದಾರಿ. ದುಂಡನೆಯ ಬುಡ ಡಬ್ಬಿಗೆ ಹೇಳಿಮಾಡಿಸಿದಂತಿರುತ್ತದೆ. ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಕೊತ್ತಂಬರಿಗೆ ಹಳೆಯ ಪಂಚೆಯ ತುಂಡಿನಿಂದ ಹೊಲಿದ ಎರಡು ಸಣ್ಣ ಸಂಚಿಗಳು ಜೊತೆಗಿರಬೇಕು. ಅಕ್ಕಿ, ಬೇಳೆ, ಸಕ್ಕರೆ ಬಲೆಚೀಲದ ಸಾಮಾನೇ ಅಲ್ಲ. ಈರುಳ್ಳಿ, ಆಲೂಗಡ್ಡೆ, ತೆಂಗಿನಕಾಯಿ, ಬಾಳೆಹಣ್ಣು, ಮೂಲಂಗಿ, ಬ್ರೆಡ್ಡು ಇದಕ್ಕೆ ಒಗ್ಗುತ್ತವೆ. ಮನೆಗೆ ತಂದ ಈರುಳ್ಳಿಯನ್ನು ಚೀಲದ ಸಮೇತ ಮೊಳೆಗೆ ತೂಗುಹಾಕಿದರೆ ಗಾಳಿಯಾಡಿ ಮೊಳಕೆ, ಕೊಳೆತ ಎರಡೂ ತಡವಾಗುತ್ತವೆ.

ಮುರುಗಲ ಮತ್ತು ಗೋಡಂಬಿ ಹಣ್ಣಿನ ರಸದ ಕಲೆ ಹತ್ತಿಯಿಂದ ಹೋಗುವುದು ಕಷ್ಟ. ಚೀಲಕ್ಕೆ ಕಡುಬಣ್ಣದ ದಾರ ಆರಿಸಿದರೆ ಆ ಚಿಂತೆ ಇಲ್ಲ. ಒಗೆಯುವುದಕ್ಕೆ ಸಾಬೂನು, ತಣ್ಣೀರು ಸಾಕು. ಒದ್ದೆ ಚೀಲವನ್ನು ಹಿಡಿ ಹಿಡಿದು ತೂಗುಹಾಕಿದರೆ ನೀರಿನ ಭಾರಕ್ಕೆ ಉದ್ದವಾಗುತ್ತದೆ, ಆದ್ದರಿಂದ ಹರಡಿ ಒಣಗಿಸಬೇಕು. ಜುಲೈ ತಿಂಗಳಲ್ಲಿ ಹತ್ತಿ ಎರಡು ದಿನವಾದರೂ ಒಣಗದೆ ಮುಗ್ಗಲು ವಾಸನೆ ಹಿಡಿಯುವುದು ಕರಾವಳಿಯ ಎಲ್ಲರಿಗೂ ಗೊತ್ತು. ಬಲೆಚೀಲದಲ್ಲಿ ತೂತೇ ಹೆಚ್ಚಿರುವುದರಿಂದ ಅದು ದಪ್ಪ ಕ್ಯಾನ್ವಾಸ್ ಚೀಲಕ್ಕಿಂತ ಬಹಳ ಬೇಗ ಒಣಗುತ್ತದೆ. ಒಲೆಯ ಪಕ್ಕದ ಬೆಚ್ಚಗಿನ ಗೋಡೆಗೆ ಒಂದು ರಾತ್ರಿ ಹಾಕಿದರೂ ಸಾಕು.

ಎಷ್ಟು ಸಲ ಬಳಸಿದರೆ ಲೆಕ್ಕ ಸರಿ

ಹತ್ತಿ ಚೀಲವೆಂದ ಮಾತ್ರಕ್ಕೆ ಪರಿಸರಕ್ಕೆ ಒಳ್ಳೆಯದೆಂದು ಹೇಳಲಾಗದು. ಹತ್ತಿ ಬೆಳೆಗೆ ನೀರು, ಗೊಬ್ಬರ, ಔಷಧಿ ಬಹಳ ಬೇಕು. ನೂಲುವುದಕ್ಕೂ ಬಣ್ಣ ಹಾಕುವುದಕ್ಕೂ ಇಂಧನ ಬೇಕು. ಬ್ರಿಟನ್ನಿನ ಪರಿಸರ ಸಂಸ್ಥೆ 2011ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಭೂಮಿಯ ತಾಪ ಏರಿಕೆಯ ವಿಷಯದಲ್ಲಿ, ಒಂದೇ ಸಲ ಬಳಸಿ ಎಸೆಯುವ ತೆಳು ಪ್ಲಾಸ್ಟಿಕ್ ಚೀಲಕ್ಕಿಂತ ಹತ್ತಿ ಚೀಲ ಮೇಲೆನಿಸಬೇಕಾದರೆ ಅದನ್ನು 131 ಸಲ ಬಳಸಬೇಕು. ಡೆನ್ಮಾರ್ಕಿನ ಪರಿಸರ ಇಲಾಖೆ 2018ರಲ್ಲಿ ತನ್ನ ದೇಶದ ಅಂಗಡಿಗಳ ಪ್ಲಾಸ್ಟಿಕ್ ಚೀಲಕ್ಕೆ ಹೋಲಿಸಿ, ತಾಪ ಏರಿಕೆಯ ಲೆಕ್ಕದಲ್ಲಿ 52 ಸಲ ಎಂದಿತು. ಎಲ್ಲ ಬಗೆಯ ಹಾನಿಗಳನ್ನೂ ಹಿಡಿದರೆ, ಮುಖ್ಯವಾಗಿ ಓಝೋನ್ ಪದರದ ಹಾನಿಯ ಕಾರಣಕ್ಕೆ, ಆ ಸಂಖ್ಯೆ 7,100ಕ್ಕೆ ಏರಿತು. ಇವು ಕಾರ್ಖಾನೆಯಲ್ಲಿ ನೇಯ್ದ ಚೀಲಗಳ ಲೆಕ್ಕ. ಕಸ ಗಟಾರಕ್ಕೂ ಕಡಲಿಗೂ ಸೇರುವುದರಿಂದ ಆಗುವ ಕೇಡು ಇದರಲ್ಲಿ ಸೇರಿಲ್ಲ. ಗೋವೆಯಂಥ ಕಡೆ ಆ ಕೇಡೇ ಎಲ್ಲಕ್ಕಿಂತ ಮುಂದೆ ಕಣ್ಣಿಗೆ ಬೀಳುವಂಥದ್ದು.

ಆದರೂ ಈ ಅಂಕಿಗಳನ್ನು ತಳ್ಳಿಹಾಕುವಂತಿಲ್ಲ. ವರ್ಷಕ್ಕೆ 52 ಶುಕ್ರವಾರ. ಮಾಪ್ಸಾದ ಸಂತೆಗೆ ವಾರಕ್ಕೊಮ್ಮೆ ಒಂದೇ ಚೀಲ ಹಿಡಿದು ಹೋಗುವವರು ಡೆನ್ಮಾರ್ಕಿನ ಮೊದಲ ಲೆಕ್ಕವನ್ನು ಒಂದು ವರ್ಷದಲ್ಲಿ ಮುಟ್ಟುತ್ತಾರೆ, ಬ್ರಿಟನ್ನಿನದನ್ನು ಎರಡೂವರೆ ವರ್ಷದಲ್ಲಿ. ದಿನವೂ ಬ್ರೆಡ್ಡಿಗಾಗಿ ಗೇಟಿಗೆ ತೂಗುಬಿದ್ದ ಚೀಲ ಅದನ್ನು ನಾಲ್ಕೂವರೆ ತಿಂಗಳಲ್ಲೇ ದಾಟುತ್ತದೆ. ಹಳೆಯ ಟೀ ಶರ್ಟಿನಿಂದಲೋ ಬಿಚ್ಚಿದ ಮೇಜುಹಾಸಿನ ದಾರದಿಂದಲೋ ಹೆಣೆದದ್ದಾದರೆ ಹೊಸ ಹತ್ತಿಯ ಪ್ರಶ್ನೆಯೇ ಏಳದು. ಮನೆಯಲ್ಲಿ ಹತ್ತು ಚೀಲ ಹೆಣೆದು ಕಪಾಟಿನಲ್ಲಿಡುವುದಕ್ಕಿಂತ ಎರಡನ್ನು ಹೆಣೆದು ಸವೆಸುವುದು ಮೇಲು. ಸಮಾರಂಭಗಳಲ್ಲಿ ಉಡುಗೊರೆಯಾಗಿ ಹಂಚುವ ಹತ್ತಿ ಚೀಲಗಳಿಗೂ ಈ ಮಾತು ಸಲ್ಲುತ್ತದೆ.

ಸವೆಯುವುದು ಸಾಮಾನ್ಯವಾಗಿ ಎರಡು ಕಡೆ: ಹಿಡಿ ಬಾಯಿಯಂಚಿಗೆ ಸೇರುವ ಜಾಗ ಮತ್ತು ಬುಡದ ನಡುವಿನ ಉಂಗುರ. ಹಿಡಿಯ ಬುಡಕ್ಕೆ ಮೊದಲೇ ಒಂದು ಸಾಲು ಹೆಚ್ಚಿನ ಹೊಲಿಗೆ ಹಾಕಿಟ್ಟರೆ ಅದು ಬಾಳಿಕೆ ಬರುತ್ತದೆ. ಬುಡ ತೆಳುವಾದಾಗ ಅದೇ ಅಳತೆಯ ಇನ್ನೊಂದು ಬಿಲ್ಲೆಯನ್ನು ಆರು ಸುತ್ತು ಹೆಣೆದು ಒಳಗಿನಿಂದ ಹೊಲಿದರೆ ಮತ್ತೆ ಹೊಸದರಂತೆ ನಿಲ್ಲುತ್ತದೆ. ಕಮಾನೊಂದು ಹರಿದರೆ, ತುಂಡಾದ ಎರಡು ತುದಿಗಳನ್ನು ತಲಾ ಎರಡು ಹೊಲಿಗೆಯಷ್ಟು ಹಿಂದಕ್ಕೆ ಬಿಚ್ಚಿ, ಬೇರೆ ದಾರವನ್ನು ಅಲ್ಲಿಗೆ ಕಟ್ಟಿ ಐದು ಚೈನು ಹಾಕಿ, ಮೇಲಿನ ಕಮಾನಿನ ಸಿಂಗಲ್ಲಿಗೆ ಸೂಜಿಯಿಂದ ಸೇರಿಸಬೇಕು. ಅದೇ ಬಣ್ಣದ ದಾರ ಸಿಗದಿದ್ದರೆ ಬೇರೆ ಬಣ್ಣವೂ ಆದೀತು.